ಗಂಟಿಲ್ಲದ ಸುಳ್ಳು

ಸುಳ್ಳು ಎಲ್ಲಿ ಹುಟ್ಟಿದರೂ ಅದು ತೊಟ್ಟಿಲಲ್ಲಿರುವಾಗಲೇ ನನ್ನ ಮೂಗಿಗೆ ವಾಸನೆ ಬಡಿಯುತ್ತದೆ. ಇಷ್ಟು ವಯಸ್ಸಿನಲ್ಲಿ ನನಗೆ ಟೋಪಿ ಹಾಕಿದ ಗಂಡಸೂ ಇಲ್ಲ, ಹೆಂಗಸೂ ಇಲ್ಲ. ಈ ಮಾತಿನಲ್ಲಿ ಅರ್ಧ ಸುಳ್ಳಿದೆ, ಒಪ್ಪುತ್ತೇನೆ. ಯಾವ ಅರ್ಧ ಅಂತ ಮಾತ್ರ ಕೇಳಬೇಡಿ. ನನ್ನ ಗಂಡ ಕೇಳಿ ಕೇಳಿ, ಉತ್ತರ ಸಿಗದೆಯೇ ಮೇಲೆ ಹೋದರು.

ಅಂಥಾ ಮೂಗು ಅವತ್ತು ಹೆಡ್‌ಮಾಸ್ಟರ ಕೋಣೆಯಲ್ಲಿ ಕಟ್ಟಿಕೊಂಡು ಕೂತಿತ್ತು.

“ಸಹಿ ಹಾಕಮ್ಮ, ಮುಗಿದು ಹೋಗ್ಲಿ,” ಎಂದು ಹೆಡ್‌ಮಾಸ್ಟರು ಒಂದು ಕಾಗದವನ್ನು ನನ್ನ ಸೊಸೆಯ ಮುಂದಕ್ಕೆ ತಳ್ಳಿದರು.

ನನ್ನ ಸೊಸೆ ಆ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು. ಕಾಗದದಲ್ಲಿ ಇದ್ದದ್ದು ಇಷ್ಟೇ: ಶಾಲೆಯ ಮೆಟ್ಟಿಲು ಬಿರುಕು ಬಿಟ್ಟಿದೆ ಎಂಬ ಸುಳ್ಳು ಚಿತ್ರ ಹರಡಿ ತಂದೆತಾಯಂದಿರನ್ನು ಹೆದರಿಸಿದವಳು ನಾನೇ, ತಪ್ಪಾಯಿತು, ಲೈಬ್ರರಿ ಬೀಗದ ಕೈ ಇವತ್ತೇ ಒಪ್ಪಿಸುತ್ತೇನೆ.

“ಹಾಕಲ್ಲ ಸಾರ್,” ಅಂದಳು ಸೊಸೆ.

“ಹಾಕದೆ ಇದ್ರೆ ಕೆಲಸ ಹೋಗುತ್ತೆ.”

“ಹಾಕಿದ್ರೆ ಮರ್ಯಾದೆ ಹೋಗುತ್ತೆ. ಕೆಲಸ ಬೇರೆ ಸಿಗಬಹುದು ಸಾರ್. ಮರ್ಯಾದೆ ಯಾವ ಅಂಗಡಿಯಲ್ಲಿ ಸಿಗುತ್ತೆ?”

ನನ್ನ ಎದೆ ಉಬ್ಬಿ ಕುಪ್ಪಸದ ಗುಂಡಿ ಕಿತ್ತು ಹೋಗಿ ಕಿಟಕಿ ಗಾಜಿಗೆ ಬಡಿಯಿತು ಅಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ. ಆದರೆ ಉಬ್ಬಿದ್ದು ನಿಜ.

ಮನೆಯಲ್ಲಿ ನಾನೂ ಅವಳೂ ಉಪ್ಪು ಜಾಸ್ತಿ, ಉಪ್ಪು ಕಡಿಮೆ ಅಂತ ದಿನಾ ಕಿತ್ತಾಡುತ್ತೇವೆ. ಅದು ಮನೆಯೊಳಗಿನ ಮಾತು. ಹೊರಗಿನವರು ಅವಳ ಮೇಲೆ ಬೆರಳು ತೋರಿಸಿದರೆ ಆ ಬೆರಳನ್ನು ನಾನು ಕಚ್ಚಿಬಿಡುವವಳು. ಹಲ್ಲು ನಾಲ್ಕೇ ಉಳಿದಿವೆ, ಆದರೆ ನಾಲ್ಕೂ ಚೂಪು.

ಆ ಕೋಣೆಯಲ್ಲಿ ನಾವು ಒಟ್ಟು ಆರು ಜನ. ಮೇಜಿನ ಆಚೆ ಹೆಡ್‌ಮಾಸ್ಟರು. ಅವರ ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷ, ಪೀಠೋಪಕರಣದ ಅಂಗಡಿಯವನು. ಅವನನ್ನು ಊರೆಲ್ಲ ಸೋಫಾ ಸಾಹುಕಾರ ಅಂತಲೇ ಕರೆಯುವುದು. ಬಾಗಿಲ ಹತ್ತಿರ ಡ್ರಿಲ್ ಮಾಸ್ಟರು, ಕುತ್ತಿಗೆಯಲ್ಲಿ ಸದಾ ಪೀಪಿ ನೇತಾಡುವುದರಿಂದ ಮಕ್ಕಳ ಬಾಯಲ್ಲಿ ಪೀಪಿ ಮಾಸ್ಟರು. ಸೊಸೆಯ ಪಕ್ಕದಲ್ಲಿ ಅವಳ ಕೈ ಹಿಡಿದುಕೊಂಡು ಕೂತವಳು ಚಿತ್ರದ ಟೀಚರು, ಅವಳ ಜೀವದ ಗೆಳತಿ. ಆಮೇಲೆ ಕರೆಯದೆ ಬಂದ ನಾನು.

“ಅಜ್ಜಿ, ಇದು ಸ್ಟಾಫಿನ ವಿಷಯ,” ಅಂದಿದ್ದರು ಹೆಡ್‌ಮಾಸ್ಟರು, ನಾನು ಒಳಗೆ ಬಂದಾಗ.

“ನಾನು ಕೂತಿರೋದು ಮಂಡಿ ನೋವಿಗೆ ಕಣಪ್ಪಾ. ನೀವು ಮಾತಾಡಿ, ನನಗೆ ಕಿವಿ ಕೇಳಲ್ಲ.”

ಇದೂ ಅರ್ಧ ಸುಳ್ಳು. ನನ್ನ ಮಂಡಿ ಚೆನ್ನಾಗಿಯೇ ಇದೆ, ಕಿವಿ ಅದಕ್ಕಿಂತ ಚೆನ್ನಾಗಿದೆ.

ಈಗ ಆ ಚಿತ್ರದ ಕಥೆ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆ ಬುಡ ಗೊತ್ತಾಗುವುದಿಲ್ಲ.

ಸೊಸೆಯ ಲೈಬ್ರರಿ ಗೋಡೆಯಲ್ಲಿ ಒಂದು ಹಸಿರು ಬೋರ್ಡಿದೆ. ವಾರಕ್ಕೊಂದು ಸಲ ಅದರ ಮೇಲೆ ಅವಳು ತನ್ನ ಕೈಯಾರೆ ಮಾಡಿದ ಒಂದು ಸುಳ್ಳು ಅಂಟಿಸುತ್ತಾಳೆ. ಹೌದು, ಸುಳ್ಳು! ಕೆಲವು ಸಲ ಚಿತ್ರ, ಕೆಲವು ಸಲ ಸುದ್ದಿ. ವಾರ ಮುಗಿಯುವುದರೊಳಗೆ ಮಕ್ಕಳು ಅದನ್ನು ಹಿಡಿಯಬೇಕು. ಪುಸ್ತಕ ತಿರುವಿ ಹಾಕಲಿ, ಊರವರನ್ನು ಕೇಳಲಿ, ತಾವೇ ಹೋಗಿ ನೋಡಲಿ. ಮಗ್ಗಿಯ ಹಾಗೆ ಮೂರು ಪ್ರಶ್ನೆ ಬಾಯಿಪಾಠ ಮಾಡಿಸಿದ್ದಾಳೆ: ಹೇಳಿದ್ದು ಯಾರು? ಅವರಿಗೆ ಹೇಗೆ ಗೊತ್ತು? ಬೇರೆ ಯಾರು ಕಂಡಿದ್ದಾರೆ?

ಆ ಮೂರು ಪ್ರಶ್ನೆ ಕಲಿತ ಮೇಲೆ ನಮ್ಮ ಬೀದಿಯ ಮಕ್ಕಳು ನನ್ನ ಕಥೆಗಳನ್ನೂ ಬಿಡುತ್ತಿಲ್ಲ. “ಅಜ್ಜಿ, ಆ ಹುಲಿ ಪಾತ್ರೆ ತೊಳೀತು ಅಂದ್ರಲ್ಲ, ಬೇರೆ ಯಾರು ಕಂಡಿದ್ದಾರೆ?” ಅನ್ನುತ್ತವೆ. ನನ್ನ ಹೊಟ್ಟೆಗೆ ಕಲ್ಲು ಹಾಕಿದಳು ಮಹರಾಯಿತಿ.

ಈ ಆಟದಲ್ಲಿ ಅವಳದೊಂದು ಕಟ್ಟುನಿಟ್ಟಾದ ನಿಯಮವಿದೆ. ಪ್ರತಿ ಸುಳ್ಳಿನಲ್ಲೂ ಒಂದು ಗಂಟು ಇರಲೇಬೇಕು. ಗಂಟು ಅಂದರೆ ಬೇಕೆಂದೇ ಬಿಟ್ಟ ಒಂದು ತಪ್ಪು. ಮಕ್ಕಳು ಅದನ್ನು ಹಿಡಿದು ಎಳೆದರೆ ಸುಳ್ಳು ಹಳೇ ಸ್ವೆಟರಿನ ಹಾಗೆ ಬಿಚ್ಚಿಕೊಳ್ಳಬೇಕು. “ಗಂಟಿಲ್ಲದ ಸುಳ್ಳು ಹೊಸ್ತಿಲು ದಾಟಬಾರದು ಅತ್ತೆ,” ಅನ್ನುತ್ತಾಳೆ. “ಗಂಟಿದ್ರೆ ಪಾಠ. ಗಂಟಿಲ್ದೆ ಇದ್ರೆ ಮೋಸ.”

ಈ ವಾರದ ಸುಳ್ಳು ಶಾಲೆಯ ದೊಡ್ಡ ಮೆಟ್ಟಿಲು. ಫೋಟೋ ತೆಗೆದು, ಅದರ ಮೇಲೆ ಕಂಪ್ಯೂಟರಿನಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು ಬರೆದು, ಕೆಳಗೆ “ಕುಸಿಯಲಿದೆ, ಎಚ್ಚರ!” ಅಂತ ಹಾಕಿದ್ದಳು. ಗಂಟು ಏನೆಂದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ದಳು. ಶಾಲೆಯ ಗಂಟೆ ನಿಜವಾಗಿ ಮೆಟ್ಟಿಲಿನ ಬಲಗಡೆ ತೂಗುತ್ತದೆ. ಬೋರ್ಡಿನ ಚಿತ್ರದಲ್ಲಿ ಎಡಗಡೆ. ಲೈಬ್ರರಿಯಿಂದ ಹೊರಗೆ ಬಂದು ಕತ್ತು ತಿರುಗಿಸಿದರೆ ಸಾಕು, ಸುಳ್ಳು ಸಿಕ್ಕಿಬೀಳುತ್ತಿತ್ತು.

ಆದರೆ ಅಷ್ಟರಲ್ಲಿ ಮೆಟ್ಟಿಲ ಚಿತ್ರ ತಂದೆತಾಯಂದಿರ ಫೋನುಗಳಿಗೆ ಹಾರಿತು. ಮರುದಿನ ಅರ್ಧಕ್ಕರ್ಧ ಮಕ್ಕಳು ಶಾಲೆಗೆ ಬರಲಿಲ್ಲ. ಕೂಡಲೇ ತೀರ್ಪೂ ಬಂತು: ಮೇಡಂ ಸುಳ್ಳು ಅಂಟಿಸಿದರು, ಅದೇ ಊರಿಗೆ ಹಬ್ಬಿತು, ಲೈಬ್ರರಿ ಮುಚ್ಚಿ.

“ಈ ಲೈಬ್ರರಿ ಇದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು,” ಅಂದ ಸೋಫಾ ಸಾಹುಕಾರ. “ಮಕ್ಕಳಿಗೆ ಪಾಠ ಹೇಳಿಕೊಡಿ ಅಂದ್ರೆ ಸುಳ್ಳು ಹೇಳಿಕೊಡ್ತಾರೆ. ಆ ಕೋಣೇನ ಬಂದವರು ಕೂರೋ ಹಾಗೆ ಚೆಂದ ಮಾಡಬಹುದು.”

“ಅದಕ್ಕೇನಾ ಹೋದ ವಾರವೇ ನಿಮ್ಮ ಅಂಗಡಿಯವನು ಟೇಪು ಹಿಡಿದು ಅಳತೆ ತಗೊಂಡಿದ್ದು?” ಅಂದೆ.

ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು.

“ಅಜ್ಜಿ, ಕಿವಿ ಕೇಳಲ್ಲ ಅಂದ್ರಿ?”

“ಕಣ್ಣು ಕಾಣುತ್ತಲ್ಲಪ್ಪ. ಸೊಸೆಗೆ ಊಟದ ಡಬ್ಬಿ ಕೊಡೋಕೆ ಬಂದಿದ್ದೆ. ಸುಳ್ಳು ಹುಟ್ಟೋ ಮೊದಲೇ ಸೋಫಾ ಅಳತೆ ಹುಟ್ಟಿತ್ತು!”

ಸಾಹುಕಾರ ಕೆಮ್ಮಿ ಹಣೆಯ ಬೆವರು ಒರೆಸಿಕೊಂಡ. ಹೆಡ್‌ಮಾಸ್ಟರು ಕನ್ನಡಕ ಒರೆಸಿದರು. ಅಳತೆ ತೆಗೆದುಕೊಂಡ ಮಾತ್ರಕ್ಕೆ ಕಳ್ಳ ಆಗುವುದಿಲ್ಲ, ನನಗೂ ಗೊತ್ತು. ಆದರೆ ಬೆವರು ಬಂತಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಹೊರಗಿಂದ ಗಲಾಟೆ ಕೇಳಿಸುತ್ತಿತ್ತು. ಶಾಲೆಗೆ ಬಂದ ಮಕ್ಕಳು ಒಬ್ಬರೂ ತರಗತಿಗೆ ಹೋಗಿರಲಿಲ್ಲ. ಎಲ್ಲರೂ ಅದೇ ಮೆಟ್ಟಿಲ ಮೇಲೆ, ಕುಸಿಯುತ್ತದೆ ಅಂದ ಮೆಟ್ಟಿಲ ಮೇಲೆ, ಮೇಲಿನಿಂದ ಕೆಳಗಿನವರೆಗೆ ಒತ್ತಿಕೊಂಡು ಕೂತು ಪುಸ್ತಕ ಓದುತ್ತಿದ್ದರು. ಲೈಬ್ರರಿ ಬೀಗ ತೆಗೆಯುವವರೆಗೆ ಏಳುವುದಿಲ್ಲವಂತೆ. ಆಗಾಗ ಎಲ್ಲರೂ ಒಟ್ಟಿಗೆ ಎದ್ದು ಧಬಧಬ ಕುಣಿದು ಮತ್ತೆ ಕೂರುತ್ತಿದ್ದರು. ಮೆಟ್ಟಿಲು ಅಲುಗಲಿಲ್ಲ. ಹೆಡ್‌ಮಾಸ್ಟರ ಮೀಸೆ ಮಾತ್ರ ಪ್ರತಿ ಸಲವೂ ಅಲುಗುತ್ತಿತ್ತು.

“ಕೇಳಿದ್ರಾ ಸಾರ್?” ಅಂದಳು ಸೊಸೆ. “ಆ ಮಕ್ಕಳು ನೋಡಿದ್ರು, ಮುಟ್ಟಿದ್ರು, ಆಮೇಲೆ ನಂಬಲಿಲ್ಲ. ನಿಮ್ಮ ಕೋಣೆ ಮೆಟ್ಟಿಲ ಪಕ್ಕದಲ್ಲೇ ಇದೆ. ಚಿತ್ರ ಬಂದಾಗ ನೀವು ಬಾಗಿಲು ತೆಗೆದು ನೋಡಿದ್ರಾ?”

“ನೋಡೋಕೆ ಸಮಯ ಎಲ್ಲಿತ್ತಮ್ಮ? ಫೋನ್ ಮೇಲೆ ಫೋನು!”

“ಬಾಗಿಲು ತೆಗೆಯೋಕೆ ಪುರುಸೊತ್ತಿರಲಿಲ್ಲ. ಮುಂದೆ ಕಳಿಸೋಕೆ ಇತ್ತು.”

ಚಿತ್ರದ ಟೀಚರು ಸೊಸೆಯ ಕೈ ಅದುಮಿದಳು. “ಸಾಕು ಬಿಡೇ. ಜಗಳ ಬೇಡ. ಸಹಿ ಹಾಕಿಬಿಡು, ಆಮೇಲೆ ನೋಡ್ಕೊಳ್ಳೋಣ.” ಪಾಪ, ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಈ ತಿಂಗಳು ಆಗುತ್ತದೆ ಅಂತ ಹೆಡ್‌ಮಾಸ್ಟರು ಮಾತು ಕೊಟ್ಟಿದ್ದಾರಂತೆ. ಹೆದರಿಕೆ ಇರುತ್ತದಲ್ಲ.

ಪೀಪಿ ಮಾಸ್ಟರೂ ದನಿ ಸೇರಿಸಿದ. “ಹೌದು ಮೇಡಂ. ಕೋಣೆ ತಾನೇ? ನಮ್ಮ ಆಟದ ಸಾಮಾನು ಮಳೇಲಿ ನೆನೀತಿದೆ, ನಾನೇನು ಅಳ್ತಾ ಕೂತಿದೀನಾ?” ಲೈಬ್ರರಿಯ ಅರ್ಧ ಕೋಣೆ ಸಿಕ್ಕರೆ ಅವನ ಚೆಂಡುಗಳಿಗೆ ಸೂರು ಸಿಗುತ್ತದೆ, ಅದು ಎಲ್ಲರಿಗೂ ಗೊತ್ತು.

ಸೊಸೆ ಹೆಡ್‌ಮಾಸ್ಟರ ಕಡೆ ತಿರುಗಿದಳು. “ಸಾರ್, ಆ ಚಿತ್ರ ಒಂದು ಸಲ ತೋರಿಸಿ. ನಮ್ಮ ಮನೆ ಫೋನಿಗೆ ಅದು ಬರಲೇ ಇಲ್ಲ.”

ಸಾಹುಕಾರ ತನ್ನ ಫೋನು ಮುಂದೆ ಹಿಡಿದ. ಫೋನೂ ಸೋಫಾದಷ್ಟೇ ಅಗಲ. ಸೊಸೆ ಬಗ್ಗಿ ನೋಡಿದಳು. ನಿಧಾನವಾಗಿ ಅವಳ ಮುಖದಲ್ಲಿ ಬೆಳಕು ಹತ್ತಿತು.

“ಗಂಟೆ ಎಲ್ಲಿದೆ ನೋಡಿ ಸಾರ್.”

“ಬಲಗಡೆ. ಎಲ್ಲಿರಬೇಕೋ ಅಲ್ಲೇ ಇದೆ.”

“ನನ್ನ ಬೋರ್ಡಿನಲ್ಲಿ ಎಡಗಡೆ ಇದೆ. ಈಗಲೂ ಅಲ್ಲೇ ಅಂಟಿಕೊಂಡಿದೆ, ಹೋಗಿ ನೋಡಿ. ಇದು ನನ್ನ ಬೋರ್ಡಿನ ಚಿತ್ರ ಅಲ್ಲ. ನನ್ನ ಲೈಬ್ರರಿಯಿಂದ ಹೋಗಿದ್ದಲ್ಲ!”

ಹೆಡ್‌ಮಾಸ್ಟರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಆ ಬಾಯೊಳಗೆ ಒಂದು ಸೈಕಲ್ ನಿಲ್ಲಿಸಬಹುದಿತ್ತು. ನಾವು ಗೆದ್ದೆವು ಅಂದುಕೊಂಡೆ. ಗೆದ್ದ ಖುಷಿಯಲ್ಲಿ ನಾನೂ ಕನ್ನಡಕ ಏರಿಸಿಕೊಂಡು ಫೋನಿನ ಮೇಲೆ ಬಗ್ಗಿದೆ.

ಬಗ್ಗಬಾರದಿತ್ತು.

ಚಿತ್ರದ ಕೆಳಗಿನ ಮೂಲೆಯಲ್ಲಿ ಕಂದು ಬಣ್ಣದ ಕಲೆಯಿತ್ತು. ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಒಂದು, ಅದರ ಹೆಗಲ ಮೇಲೆ ಹತ್ತಿ ಕೂತ ತಮ್ಮನ ಹಾಗೆ ಇನ್ನೊಂದು.

“ಅಯ್ಯೋ, ಇದು ನನ್ನ ಟೀ ಲೋಟದ ಕಲೆ!” ಅಂದೇ ಬಿಟ್ಟೆ.

ಬಾಯಿ ಅನ್ನುವುದು ಬಚ್ಚಲ ತೂತಿದ್ದ ಹಾಗೆ, ಬಟ್ಟೆ ಹಾಕಿ ಮುಚ್ಚಿದರೂ ಹರಿದು ಹೋಗುತ್ತದೆ.

ನಡೆದದ್ದು ಹೀಗೆ. ರಜೆಯ ದಿನ ಸೊಸೆ ಮನೆಯಲ್ಲೇ ಆ ಚಿತ್ರ ಪ್ರಿಂಟು ತೆಗೆದಳು. ತೆಗೆದ ಮೇಲೆ ಹಣೆ ಚಚ್ಚಿಕೊಂಡಳು: “ಗಂಟು ಹಾಕೋದೇ ಮರೆತೆ ಅತ್ತೆ! ಇದನ್ನ ಹರಿದು ಎಸೆದುಬಿಡಿ.” ಆಮೇಲೆ ಚಿತ್ರ ತಿರುಗಿಸಿ ಹೊಸದು ತೆಗೆದುಕೊಂಡು ಲೈಬ್ರರಿಯಲ್ಲಿ ಅಂಟಿಸಲು ಹೋದಳು. ಮಗ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ. ನಾನು ಅಷ್ಟು ಗಟ್ಟಿ ಕಾಗದ ಹರಿಯಲು ಮನಸ್ಸಾಗದೆ, ಮೇಜಿನ ಮೇಲೆ ಟೀ ಲೋಟದ ಕೆಳಗೆ ಹಾಸಿಕೊಂಡೆ. ಸಂಜೆ ಅವಳು ಬರುವುದರೊಳಗೆ ಕಸದ ಬುಟ್ಟಿಗೆ ಹಾಕಿದೆ. ಗಂಟಿಲ್ಲದ ಸುಳ್ಳು ಹೊಸ್ತಿಲು ದಾಟಲಿಲ್ಲ ಅಂತಲೇ ತಿಳಿದಿದ್ದೆ.

ಅದು ನಡೆದುಕೊಂಡು ದಾಟಿರಲಿಲ್ಲ. ಫೋನಿನೊಳಗೆ ಕೂತು ದಾಟಿತ್ತು.

ಹೆಡ್‌ಮಾಸ್ಟರು ಬಾಯಿ ಮುಚ್ಚಿದರು, ನಕ್ಕರು. “ಅಂದ್ರೆ ಲೈಬ್ರರಿಯಿಂದ ಹೋಗಿಲ್ಲ. ಸೀದಾ ನಿಮ್ಮ ಮನೆಯಿಂದ ಹೋಗಿದೆ. ಇನ್ನೂ ಒಳ್ಳೇದಾಯ್ತು. ಅತ್ತೆಯೇ ಸಾಕ್ಷಿ. ಸಹಿ ಹಾಕಮ್ಮ.”

ಭೂಮಿ ಬಾಯಿ ಬಿಟ್ಟಿದ್ದರೆ ನಾನು ಕುರ್ಚಿ ಸಮೇತ ಇಳಿದುಹೋಗುತ್ತಿದ್ದೆ. ಸೊಸೆ ನನ್ನ ಕಡೆ ನೋಡಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡಳು.

“ಹಾಕ್ತೀನಿ ಸಾರ್. ಒಂದೇ ಷರತ್ತು. ನಮ್ಮ ಮಕ್ಕಳು ಕೇಳೋ ಮೊದಲನೇ ಪ್ರಶ್ನೆಗೆ ಈ ಕೋಣೇಲಿರೋರು ಉತ್ತರ ಕೊಡಬೇಕು. ಹೇಳಿದ್ದು ಯಾರು? ಅಧ್ಯಕ್ಷರೇ, ನಿಮಗೆ ಈ ಚಿತ್ರ ಕಳಿಸಿದ್ದು ಯಾರು?”

“ನನಗ್ಯಾಕಮ್ಮ ಹೆದರಿಕೆ? ಹೆಡ್‌ಮಾಸ್ಟ್ರೇ ಕಳಿಸಿದ್ರು.”

“ನಿಮಗೆ ಸಾರ್?”

“ಡ್ರಿಲ್ ಮಾಸ್ಟ್ರು.”

ಪೀಪಿ ಮಾಸ್ಟರು ಬಾಗಿಲಿಗೆ ಒರಗಿದ್ದವನು ನೆಟ್ಟಗಾದ. “ನಾನು... ನನಗೂ ಯಾರೋ ಕಳಿಸಿದ್ದೇ.”

“ಯಾರೋ ಅನ್ನೋ ಹೆಸರಿನವರು ನಮ್ಮ ಶಾಲೇಲಿಲ್ಲ ಮಾಸ್ಟ್ರೇ. ಫೋನ್ ತೆಗೀರಿ.”

ಅವನು ತೆಗೆದ. ಉಜ್ಜಿದ. ಮೇಲೆ ನೋಡದೆ ಹೇಳಿದ: “ಚಿತ್ರದ ಟೀಚರು.”

ಸೊಸೆ ತನ್ನ ಗೆಳತಿಯ ಕಡೆ ತಿರುಗಿದಳು. ಇಬ್ಬರ ಕೈ ಇನ್ನೂ ಒಂದರೊಳಗೊಂದು ಇತ್ತು.

ಚಿತ್ರದ ಟೀಚರ ಕಣ್ಣಲ್ಲಿ ನೀರು ದಳದಳ ಇಳಿಯಿತು. “ನಿನಗೆ ನೋವಾಗುತ್ತೆ ಅಂತ ಹೇಳಿರಲಿಲ್ಲ ಕಣೇ. ನಾನು ಹೆದರಿ ಮಾಸ್ಟ್ರಿಗೆ ಕಳಿಸಿ ನಿಜವಾ ಅಂತ ಕೇಳಿದೆ. ನನಗೆ ಬಂದಿದ್ದು...” ಅವಳು ಫೋನು ತಿರುಗಿಸಿ ಮೇಜಿನ ಮೇಲಿಟ್ಟಳು. “ನನಗೆ ಬಂದಿದ್ದು ಅಜ್ಜಿಯಿಂದ.”

ಅಲ್ಲಿ ನನ್ನ ಫೋಟೋ ಇತ್ತು. ದುಂಡಗೆ, ಹಲ್ಲು ಬಿಟ್ಟುಕೊಂಡು ನಗುತ್ತಿದ್ದೆ. ನನ್ನದೇ ನಂಬರು. ರಜೆಯ ದಿನದ ಮಧ್ಯಾಹ್ನ. ಕೆಳಗೆ ಮೆಟ್ಟಿಲು, ಬಿರುಕು, ಕಲೆ.

ಕೇಳಿ, ನನಗೆ ಫೋನು ಎತ್ತುವುದು ಗೊತ್ತು, ಕಿರುಚುವುದು ಗೊತ್ತು, ಇಡುವುದು ಕೂಡ ಸರಿಯಾಗಿ ಗೊತ್ತಿಲ್ಲ. ಚಿತ್ರ ತೆಗೆದು ಕಳಿಸುವ ವಿದ್ಯೆ ನನಗೆ ಬಂದಿದ್ದರೆ ಇಷ್ಟು ಹೊತ್ತಿಗೆ ನನ್ನ ತಂಗಿಗೆ ದಿನಕ್ಕೊಂದು ಸೀರೆ ತೋರಿಸಿ ಹೊಟ್ಟೆ ಉರಿಸುತ್ತಿರಲಿಲ್ಲವೇ? ಸೆರಗಿನಿಂದ ನನ್ನ ಫೋನು ತೆಗೆದು ಕೊಟ್ಟೆ. ಹೆಡ್‌ಮಾಸ್ಟರು ಹುಡುಕಿದರು. ಅದರಲ್ಲಿ ಏನೂ ಇಲ್ಲ. ಕಳಿಸಿದವರು ಅಳಿಸಿಯೂ ಹೋಗಿದ್ದರು.

“ಅತ್ತೆ, ನೀವು ಕಳಿಸಿದ್ರಾ?” ಸೊಸೆ ಕೇಳಿದಳು.

“ನಿನ್ನಾಣೆ ಇಲ್ಲ ಮಗಳೇ.”

“ಆಣೆ ಬೇಡ. ನೀವು ಹೇಳಿದ್ರಿ ಅಂತ ನಾನು ನಂಬಲ್ಲ. ನೀವೂ ಒಬ್ಬ ಸಾಕ್ಷಿ, ಅಷ್ಟೇ.”

ನೋಡಿದಿರಾ ಇವಳ ಧೈರ್ಯ? ಅತ್ತೆಗೇ ಲೈಬ್ರರಿ ಪಾಠ! ಬೇರೆ ದಿನವಾಗಿದ್ದರೆ ವಾರಗಟ್ಟಲೆ ಮಾತು ಬಿಡುತ್ತಿದ್ದೆ. ಅವತ್ತು ಮಾತ್ರ ಅವಳ ಕೆನ್ನೆ ಹಿಡಿದು ಮುದ್ದಿಸಬೇಕು ಅನ್ನಿಸಿತು.

“ಎರಡನೇ ಪ್ರಶ್ನೆ ಅತ್ತೆ. ನಿಮಗೆ ಹೇಗೆ ಗೊತ್ತು ಅದು ನೀವು ಕಳಿಸಿದ್ದಲ್ಲ ಅಂತ? ಅವತ್ತು ನಿಮ್ಮ ಫೋನು ಬೇರೆ ಯಾರ ಕೈಗೆ ಹೋಗಿತ್ತು?”

ನಾನು ಕಣ್ಣು ಮುಚ್ಚಿಕೊಂಡೆ. ಮೇಜು ಕಾಣಿಸಿತು, ಲೋಟ ಕಾಣಿಸಿತು.

“ಇಬ್ಬರು ಬಂದಿದ್ರು ಕಣೇ. ಮೊದಲು ಪೀಪಿ ಮಾಸ್ಟ್ರು, ಸೈಕಲ್ ಪಂಪು ವಾಪಸ್ ಕೊಡೋಕೆ. ಅವನ ಫೋನಲ್ಲಿ ಚಾರ್ಜಿಲ್ಲ ಅಂತ ನನ್ನ ಫೋನು ತಗೊಂಡು ಹೆಂಡತಿಗೆ ಮಾಡಿದ. ಅವನು ಹೋದ ಮೇಲೆ ಈ ಟೀಚರಮ್ಮ, ನಿನ್ನನ್ನ ಹುಡುಕಿಕೊಂಡು. ನನ್ನ ಫೋನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳು. ಇಬ್ಬರ ಹೊತ್ತಿಗೂ ನಾನು ಟೀ ಮುಗಿಸಿ ಲೋಟ ಇಟ್ಟು ಒಳಗೆ ಹೋಗಿದ್ದೆ. ಅವನಿಗೆ ಹಳೇ ಪೇಪರು ತರೋಕೆ, ಇವಳಿಗೆ ಹಿತ್ತಲಿಂದ ನಿಂಬೆಹಣ್ಣು ಕೀಳೋಕೆ.”

“ನೋಡಿ, ಹೆಂಡತಿಗೆ ಮಾಡಿದ್ದೇ! ಬೇಕಾದ್ರೆ ಅವಳನ್ನೇ ಕೇಳಿ!” ಗಾಬರಿಯಲ್ಲಿ ಪೀಪಿ ಮಾಸ್ಟರ ಬಾಯಿಗೆ ಸೇರಿದ ಪೀಪಿ ತಾನಾಗಿಯೇ ಕೀಚ್ ಅಂತು.

“ನಾನು ಅಕ್ಷರ ಮಾತ್ರ ಮುಟ್ಟಿದ್ದು,” ಅಂದಳು ಚಿತ್ರದ ಟೀಚರು.

“ಇಬ್ಬರಲ್ಲಿ ಯಾರು ಅಂತ ಹೇಗೆ ಹೇಳ್ತೀರಿ? ಗೊತ್ತಾಗಲ್ಲ, ಮುಗೀತು,” ಅಂದ ಸಾಹುಕಾರ, ಗಡಿಬಿಡಿಯಲ್ಲಿ ಕಾಗದ ಮತ್ತೆ ಮುಂದೆ ತಳ್ಳುತ್ತಾ.

ಸೊಸೆ ಖಾಲಿಯಿದ್ದ ಕೈಯಿಂದ ಪೆನ್ನನ್ನು ಆ ಕಾಗದದ ಮೇಲೆ ಅಡ್ಡ ಇಟ್ಟಳು. ಹೊರಗೆ ಮಕ್ಕಳು ಇನ್ನೊಂದು ಸಲ ಎದ್ದು ಕುಣಿದರು. ಧಬಧಬ. ಮೇಜಿನ ಮೇಲಿನ ಲೋಟದ ನೀರು ನಡುಗಿತು. ಸೊಸೆ ನಡುಗಲಿಲ್ಲ.

“ಮೂರನೇ ಪ್ರಶ್ನೆ ಉಳಿದಿದೆ ಸಾರ್. ಬೇರೆ ಯಾರು ಕಂಡಿದ್ದಾರೆ? ಬೇರೆಯವರು ಯಾರೂ ಇರಲಿಲ್ಲ. ಆ ಟೀ ಲೋಟ ಇತ್ತು. ಅತ್ತೆ, ಮನೆಗೆ ಬಂದವರಿಗೆ ಟೀ ಕೊಟ್ಟಾಗ ನೀವೇನು ಮಾಡ್ತೀರಿ?”

“ನಾನೂ ಕುಡೀತೀನಿ. ಒಬ್ಬರೇ ಕುಡಿದ್ರೆ ಬಂದವರಿಗೆ ಸಂಕೋಚ ಆಗುತ್ತಲ್ಲ.”

“ಲೋಟ?”

“ಅದೇ ಕಾಗದದ ಮೇಲೆ ಇಡ್ತಿದ್ದೆ...”

ಹೇಳುತ್ತಾ ಹೇಳುತ್ತಾ ನನ್ನ ನಾಲಿಗೆ ನಿಂತಿತು. ಮೂಗು ತೆರೆದುಕೊಂಡಿತು. ಅವನು ಬಂದಾಗ ಒಂದು ಲೋಟ. ಅವನು ಹೋದ ಮೇಲೆ ಇವಳು ಬಂದಾಗ ಮತ್ತೊಂದು ಲೋಟ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಲೋಟ ಇಟ್ಟಷ್ಟು ಸಲ ಕಾಗದದ ಮೇಲೆ ಕಲೆ.

“ಇನ್ನೊಂದು ಸಲ ನೋಡಿ ಹೇಳಿ ಅತ್ತೆ,” ಅಂದಳು ಸೊಸೆ. ಅವಳ ದನಿಯಲ್ಲಿ ಮೊದಲ ಸಲ ಹೆದರಿಕೆ ಇಣುಕಿತು. ಉತ್ತರ ಬೇಕಿತ್ತು ಅವಳಿಗೆ, ಬೇಡವೂ ಆಗಿತ್ತು. “ಯಾರೇ ಆಗಿರಲಿ, ಹೇಳಿಬಿಡಿ.”

ನಾನು ಸಾಹುಕಾರನ ಫೋನು ಹತ್ತಿರಕ್ಕೆ ಎಳೆದುಕೊಂಡೆ. ಕನ್ನಡಕ ಸರಿ ಮಾಡಿಕೊಂಡು ಆ ಮೂಲೆಯನ್ನೇ ದಿಟ್ಟಿಸಿದೆ. ಆಮೇಲೆ ತಲೆ ಎತ್ತಿ, ಆ ಕೋಣೆಯಲ್ಲಿ ಒಬ್ಬರ ಮುಖವನ್ನು ನೋಡಿದೆ. ಆ ಮುಖದಲ್ಲಿ ಬಣ್ಣ ಉಳಿದಿರಲಿಲ್ಲ.

ಆ ಮೂಲೆ ಹೇಗಿತ್ತು ಅಂತ ನಾನು ನಿಮಗೆ ಆಗಲೇ ಹೇಳಿದ್ದೇನೆ. ಅದರಲ್ಲಿ ಅರ್ಧ ಸುಳ್ಳೂ ಇಲ್ಲ, ಕಾಲು ಸುಳ್ಳೂ ಇಲ್ಲ. ನನ್ನ ಉತ್ಪ್ರೇಕ್ಷೆಗೆ ನಗುತ್ತಾ ಕೂತಿದ್ದವರಿಗೆ ಕೇಳಿಸಿರಲಿಕ್ಕಿಲ್ಲ. ಕಿವಿಗೊಟ್ಟು ಕೇಳಿದವರು ಹೇಳಿ ನೋಡೋಣ: ನಾನು ನೋಡಿದ್ದು ಯಾರ ಮುಖ? ಅದು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿ. ನನ್ನ ಸೊಸೆಯ ಕೈ ಅಷ್ಟು ಹೊತ್ತೂ ಯಾರ ಕೈಯಲ್ಲಿತ್ತು?